ಕತ್ತಿಯ ಹದ ಕಂಪ್ಯೂಟರಿನಲ್ಲಿ: ನನ್ನ ಲೆಕ್ಕಕ್ಕೂ ಅರಕ್ಕೂ ತಾಳೆ ಆಗ್ತಿಲ್ಲ

ಹುಲೇಕಲ್ ದಾರಿ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಶಿರಸಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಉಕ್ಕನ್ನು ಕಾಯಿಸಿ ತಣಿಸಿದಾಗ ಅದರ ಒಳಗೆ ಏನೇನು ಬದಲಾಗುತ್ತದೆ ಅನ್ನುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕಲಿಯುತ್ತಿದ್ದೇನೆ. ಪುಸ್ತಕದ ಉದಾಹರಣೆಗಳು ಮುಗಿದ ಮೇಲೆ ನಮ್ಮ ಮನೆಯದೇ ಒಂದು ವಸ್ತುವಿನ ಲೆಕ್ಕ ಮಾಡಬೇಕು ಅನ್ನಿಸಿತು. ಸೊಪ್ಪಿನ ಬೆಟ್ಟಕ್ಕೆ ಒಯ್ಯುವ ಕತ್ತಿ ನೆನಪಾಯಿತು. ನಮ್ಮೂರ ಆಚಾರಿಯವರು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಟ್ಟದ್ದು. ಹದಿನೈದು ವರ್ಷ ಆಯ್ತು, ಬಾಯಿ ಇನ್ನೂ ಗಟ್ಟಿ ಇದೆ.

ಸ್ಪ್ರಿಂಗ್ ಪಟ್ಟಿ ಅಂದರೆ ಇಎನ್ 45 ಜಾತಿಯ ಉಕ್ಕು ಇರಬೇಕು ಅಂತ ಹಿಡಿದೆ. ಇಂಗಾಲ ಶೇಕಡಾ 0.55, ಮ್ಯಾಂಗನೀಸ್ 0.85, ಸಿಲಿಕಾನ್ ಒಂದೂವರೆಯಿಂದ ಎರಡು. ತಣಿಯುವಾಗ ಮಾರ್ಟೆನ್‌ಸೈಟ್ ಅನ್ನುವ ಗಟ್ಟಿ ರೂಪ ಯಾವ ತಾಪಮಾನದಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ ಆಂಡ್ರೂಸ್ 1965 ರಲ್ಲಿ ಕೊಟ್ಟ ಸೂತ್ರ ಇದೆ. 539 ರಿಂದ ಇಂಗಾಲದ 423 ಪಟ್ಟು, ಮ್ಯಾಂಗನೀಸಿನ 30.4 ಪಟ್ಟು ಕಳೆಯಬೇಕು. ಸುಮಾರು 280 ಡಿಗ್ರಿ ಬಂತು. ಅಲ್ಲಿಂದ ಕೆಳಗೆ ಎಷ್ಟು ಡಿಗ್ರಿ ಇಳಿದರೆ ಎಷ್ಟು ಮಾರ್ಟೆನ್‌ಸೈಟ್ ಅನ್ನುವುದಕ್ಕೆ ಕೊಯ್‌ಸ್ಟಿನೆನ್ ಮತ್ತು ಮಾರ್ಬರ್ಗರ್ ಅವರ 1959 ರ ಸೂತ್ರ ಹಾಕಿದೆ. 30 ಡಿಗ್ರಿಗೆ ಬರುವಾಗ ಶೇಕಡಾ 94. ನಿಧಾನಕ್ಕೆ ತಣಿದಾಗ ಬರುವ, ಅಷ್ಟು ಗಟ್ಟಿಯಲ್ಲದ ಪರ್ಲೈಟ್ ರೂಪ ಹುಟ್ಟುವುದಕ್ಕೆ ಅವ್ರಾಮಿ ಸಮೀಕರಣ. ಎಲ್ಲವನ್ನೂ ಪೈಥಾನಿನಲ್ಲಿ ಸುಮಾರು ಇನ್ನೂರು ಸಾಲಿನಲ್ಲಿ ಬರೆದೆ.

ಪ್ರೋಗ್ರಾಂ ಹೇಳುತ್ತಿರುವುದು ಇಷ್ಟು: ಕತ್ತಿಯ ಬಾಯಿಯಿಂದ ಬೆನ್ನಿನವರೆಗೆ ಎಲ್ಲ ಕಡೆ ಶೇಕಡಾ 94 ಮಾರ್ಟೆನ್‌ಸೈಟ್.

ನಿನ್ನೆ ಅಪ್ಪನಿಗೆ ಫೋನ್ ಮಾಡಿ, ಕತ್ತಿಗೆ ಅರ (ಲೋಹ ಉಜ್ಜುವ ಉಪಕರಣ) ಹಾಕಿ ನೋಡಲು ಹೇಳಿದೆ. ಬಾಯಿಯಿಂದ ಎರಡು ಸೆಂಟಿಮೀಟರ್ ತನಕ ಅರ ಜಾರುತ್ತದೆ, ಗೀರು ಬೀಳುವುದೇ ಕಷ್ಟ. ಅಲ್ಲಿಂದ ಬೆನ್ನಿನ ಕಡೆ ಅರ ಚೆನ್ನಾಗಿ ಕಚ್ಚುತ್ತದೆ, ಪುಡಿ ಬೀಳುತ್ತದೆ. ಅಂದರೆ ಬೆನ್ನು ಮೆತ್ತಗಿದೆ. ಅವ್ರಾಮಿ ಸಮೀಕರಣದ ಎರಡು ಸ್ಥಿರಾಂಕಗಳನ್ನು ವಾರದಿಂದ ಹಿಂದೆ ಮುಂದೆ ಮಾಡುತ್ತಿದ್ದೇನೆ. ಬೆನ್ನು ಮೆತ್ತಗಾಗುವಂತೆ ಮಾಡಿದರೆ ಬಾಯಿಯೂ ಮೆತ್ತಗಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಸಿದ್ದಾಪುರ ತೋಟ · ಸೋಮವಾರ ರಾತ್ರಿ

ತಂಗಿ, ನಾನು ಅಡಿಕೆ ತೋಟದವನು. ಮಾರ್ಟೆನ್‌ಸೈಟ್, ಪರ್ಲೈಟ್ ಎಲ್ಲ ಗೊತ್ತಿಲ್ಲ. ಆದರೆ ಕತ್ತಿ ವಿಷಯ ಅಂದ ಕೂಡಲೇ ಓದಿದೆ. ಒಂದೇ ಪಟ್ಟಿಯಲ್ಲಿ ಮಾಡಿದ ಎರಡು ಕತ್ತಿಯಲ್ಲಿ ಒಂದು ಬಾಳುತ್ತದೆ, ಇನ್ನೊಂದು ಎರಡು ಮಳೆಗಾಲಕ್ಕೆ ಬಾಯಿ ಮುರಿದುಕೊಳ್ಳುತ್ತದೆ. ಅದು ಯಾಕೆ ಅಂತ ನಮ್ಮಂಥವರಿಗೂ ತಿಳಿಯುವ ಹಾಗೆ ಹೇಳಿದರೆ ಉಪಕಾರ.

ಹುಲೇಕಲ್ ದಾರಿ · ಮಂಗಳವಾರ

ಅಣ್ಣಾ, ಖಂಡಿತ ಹೇಳ್ತೇನೆ. ಬರೆದರೆ ನನಗೂ ತಲೆ ಸ್ಪಷ್ಟವಾಗುತ್ತದೆ.

ಕಬ್ಬಿಣದ ಪರಮಾಣುಗಳು ಜೋಡಣೆಯಾಗಿ ಕೂತಿರುತ್ತವೆ. ಶುದ್ಧ ಕಬ್ಬಿಣವಾದರೆ 912 ಡಿಗ್ರಿಯ ಕೆಳಗೆ ಒಂದು ಜೋಡಣೆ, ಅದಕ್ಕೆ ಫೆರೈಟ್ ಅಂತ ಹೆಸರು. ಮೇಲೆ ಇನ್ನೊಂದು ಜೋಡಣೆ, ಅದು ಆಸ್ಟೆನೈಟ್. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇಂಗಾಲಕ್ಕೆ ಕೊಡುವ ಜಾಗದಲ್ಲಿ. ಆಸ್ಟೆನೈಟಿನಲ್ಲಿ ಹೆಚ್ಚೆಂದರೆ ಶೇಕಡಾ 2 ರಷ್ಟು ಇಂಗಾಲ ಕರಗುತ್ತದೆ. ಫೆರೈಟಿನಲ್ಲಿ 0.02 ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನೂರು ಪಟ್ಟು ವ್ಯತ್ಯಾಸ.

ಈಗ ಕೆಂಪಗೆ ಕಾದ ಕತ್ತಿಯನ್ನು ತಣಿಸಿ. ಇಂಗಾಲ ಬೆರೆತ ಉಕ್ಕಿನಲ್ಲಿ 727 ಡಿಗ್ರಿಯ ಕೆಳಗೆ ಆಸ್ಟೆನೈಟ್ ಉಳಿಯಲು ಇಷ್ಟಪಡುವುದಿಲ್ಲ. ದೊಡ್ಡ ಮನೆ ಚಿಕ್ಕದಾಗುತ್ತಿದೆ, ಒಳಗಿದ್ದ ನೆಂಟರು ಹೊರಡಬೇಕು. ನಿಧಾನಕ್ಕೆ ತಣಿಸಿದರೆ ಇಂಗಾಲಕ್ಕೆ ಹೊರಡಲು ಸಮಯ ಸಿಗುತ್ತದೆ. ಅದು ಪಕ್ಕಕ್ಕೆ ಸರಿದು ಸಿಮೆಂಟೈಟ್ ಎಂಬ ಪದರವಾಗುತ್ತದೆ. ಒಂದು ಪದರ ಫೆರೈಟ್, ಒಂದು ಪದರ ಸಿಮೆಂಟೈಟ್, ಹೀಗೆ ಸಾಲಾಗಿ ಕೂತರೆ ಅದೇ ಪರ್ಲೈಟ್. ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ, ಹೊಡೆತ ತಡೆಯುತ್ತದೆ. 700 ಡಿಗ್ರಿಯ ಆಸುಪಾಸಿನಲ್ಲಿ ಆಸ್ಟೆನೈಟಿನೊಳಗೆ ಒಂದು ಸೆಕೆಂಡಿಗೆ ಇಂಗಾಲ ಸರಿಯುವ ದೂರ ಸುಮಾರು ಅರ್ಧ ಮೈಕ್ರಾನ್. ಒಂದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗ. ಪದರ ಕಟ್ಟಿಕೊಳ್ಳಲು ಅಷ್ಟು ಸಾಕು.

ಆ ಸಮಯವನ್ನೂ ಕೊಡದೆ ನೀರಿಗೆ ಅದ್ದಿದರೆ ಇಂಗಾಲ ಒಳಗೇ ಸಿಕ್ಕಿಬೀಳುತ್ತದೆ. ಜೋಡಣೆ ಒಂದೇ ಸಲ ಹೊರಳಿ, ಸಿಕ್ಕಿಬಿದ್ದ ಇಂಗಾಲದಿಂದ ಒಂದು ದಿಕ್ಕಿಗೆ ಎಳೆದುಕೊಂಡು ನಿಲ್ಲುತ್ತದೆ. ಇದು ಮಾರ್ಟೆನ್‌ಸೈಟ್. ತುಂಬಾ ಗಟ್ಟಿ, ಆದರೆ ಹಾಗೇ ಬಿಟ್ಟರೆ ಚೂರಾಗುವ ಗುಣ. ಮತ್ತೆ ಹದವಾಗಿ ಬಿಸಿ ಮಾಡಿದರೆ ಆ ಬಿಗಿತ ಸ್ವಲ್ಪ ಸಡಿಲವಾಗುತ್ತದೆ. ನೀವು ಹೇಳಿದ ಬಾಯಿ ಮುರಿಯುವ ಕತ್ತಿಯಲ್ಲಿ ಈ ಎರಡನೇ ಬಿಸಿ ಕಡಿಮೆ ಆಗಿರಬಹುದು.

ಅವ್ರಾಮಿ ಲೆಕ್ಕ ಏನು ಅಂದರೆ, ಗುಡಿಸಿದ ಒಣ ಅಂಗಳದ ಮೇಲೆ ಮುಂಗಾರಿನ ಮೊದಲ ಹನಿಗಳು ಬೀಳುವುದನ್ನು ನೆನಪು ಮಾಡಿಕೊಳ್ಳಿ. ಅಲ್ಲೊಂದು ಇಲ್ಲೊಂದು ಒದ್ದೆ ಚುಕ್ಕೆ. ಪ್ರತಿ ಚುಕ್ಕೆ ಅಗಲವಾಗುತ್ತಾ ಹೋಗುತ್ತದೆ, ನಡುವೆ ಹೊಸ ಹನಿಗಳು ಬೀಳುತ್ತವೆ. ಸ್ವಲ್ಪ ಹೊತ್ತಿಗೆ ಚುಕ್ಕೆಗಳು ಒಂದರ ಮೇಲೊಂದು ಏರುತ್ತವೆ. ಆಗಲೇ ಒದ್ದೆಯಾದ ಜಾಗಕ್ಕೆ ಬಿದ್ದ ಹನಿ ಹೊಸದಾಗಿ ಏನನ್ನೂ ಒದ್ದೆ ಮಾಡುವುದಿಲ್ಲ. ಆದ್ದರಿಂದ ಮೊದಲು ಎಲ್ಲ ಚುಕ್ಕೆಗಳನ್ನೂ ಕಣ್ಣು ಮುಚ್ಚಿ ಕೂಡಿಸಿ, ಆಮೇಲೆ ಒದ್ದೆಯಾಗದೆ ಉಳಿದ ಪಾಲಿಗೆ ಮಾತ್ರ ಅದನ್ನು ಅನ್ವಯಿಸಬೇಕು. ಇದನ್ನು 1937 ರಲ್ಲಿ ಕೊಲ್ಮೊಗೊರೊವ್, 1939 ರಲ್ಲಿ ಜಾನ್ಸನ್ ಮತ್ತು ಮೆಹ್ಲ್, ಅದೇ ಹೊತ್ತಿಗೆ ಅವ್ರಾಮಿ, ಬೇರೆ ಬೇರೆಯಾಗಿ ಕಂಡುಕೊಂಡರು. ಪರ್ಲೈಟ್ ಕೂಡ ಆಸ್ಟೆನೈಟಿನಲ್ಲಿ ಹೀಗೇ ಚುಕ್ಕೆಯಾಗಿ ಹುಟ್ಟಿ ಹರಡುತ್ತದೆ.

ಅಂಕೋಲಾ ಗಂಗಾವಳಿ · ಮಂಗಳವಾರ ಸಂಜೆ

ತಂಗಿ, ನಾನು ಭದ್ರಾವತಿಯಲ್ಲಿ ಉಕ್ಕಿಗೆ ಹದ ಕೊಡುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿನ್ನ ಅಂಗಳದ ಉದಾಹರಣೆ ಓದಿ ಖುಷಿಯಾಯ್ತು. ಸಮೀಕರಣದಲ್ಲಿ ನನಗೆ ತಪ್ಪು ಕಾಣುತ್ತಿಲ್ಲ. ಆದರೆ ಒಂದು ಕೇಳ್ತೇನೆ. ಆಚಾರಿಯವರು ಕತ್ತಿಯನ್ನು ಹೇಗೆ ಅದ್ದುತ್ತಾರೆ? ಇಡೀ ಕತ್ತಿ ಮುಳುಗಿಸುತ್ತಾರಾ, ಬರೀ ಬಾಯಿ ಮಾತ್ರ ಮುಟ್ಟಿಸುತ್ತಾರಾ? ಎಷ್ಟು ಹೊತ್ತು? ಅದ್ದಿದ ಮೇಲೆ ಏನು ಮಾಡುತ್ತಾರೆ?

ಇನ್ನೊಂದು. ನೀರು ಕತ್ತಿಯಿಂದ ಶಾಖ ಎಳೆಯುವ ವೇಗಕ್ಕೆ ನೀನು ಒಂದೇ ಅಂಕಿ ಕೊಟ್ಟಿದ್ದೀಯಾ?

ಉಕ್ಕಿಗೆ ನಿನ್ನ ಸ್ಥಿರಾಂಕ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಮೈಯ ಆ ಜಾಗ ಯಾವ ಹೊತ್ತಿನಲ್ಲಿ ಎಷ್ಟು ಬಿಸಿ ಇತ್ತು ಅನ್ನುವುದೊಂದೇ. ಅದನ್ನು ಮೊದಲು ಸರಿಯಾಗಿ ಹಿಡಿ.

ಹುಲೇಕಲ್ ದಾರಿ · ಮಂಗಳವಾರ ರಾತ್ರಿ

ಸರ್, ನೀರಿಗೆ ಒಂದೇ ಅಂಕಿ, 5000 (ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಇಷ್ಟು ವ್ಯಾಟ್). ಇಡೀ ಕತ್ತಿ ಮುಳುಗುತ್ತದೆ ಅಂತಲೇ ಹಾಕಿದ್ದೇನೆ. ಚಿಕ್ಕವಳಿದ್ದಾಗ ಕುಲುಮೆಯ ಹೊರಗೆ ನಿಂತು ಚುಂಯ್ ಎನ್ನುವ ಸದ್ದು ಕೇಳಿದ್ದೆ. ಒಳಗೆ ಹೋಗಿ ನೋಡಿಲ್ಲ. ಈ ವಾರ ಊರಿಗೆ ಹೋಗ್ತೇನೆ.

ಕುಮಟಾ ಪಿಯು · ಬುಧವಾರ

ಅಕ್ಕಾ, ನಾನು ಪಿಯುಸಿ ಎರಡನೇ ವರ್ಷ. ಫೇಸ್ ಫೀಲ್ಡ್ ಅಂತ ಒಂದು ವಿಧಾನದಲ್ಲಿ ಮಾರ್ಟೆನ್‌ಸೈಟಿನ ಸೂಜಿಗಳು ಬೆಳೆಯುವುದನ್ನು ವಿಡಿಯೋದಲ್ಲಿ ನೋಡಿದೆ. ತುಂಬಾ ಚೆನ್ನಾಗಿತ್ತು. ನೀವು ಅದನ್ನೇ ಬಳಸಿದರೆ ಆಗಲ್ವಾ? ಇಡೀ ಕತ್ತಿ ಹಾಗೆ ತೋರಿಸಬಹುದಲ್ವಾ?

ಹೊನ್ನಾವರ ಶರಾವತಿ · ಬುಧವಾರ ರಾತ್ರಿ

ತಮ್ಮಾ, ನಾನು ಮಾಡುವ ಕೆಲಸವೇ ಅದು. ಒಳ್ಳೆಯ ಪ್ರಶ್ನೆ.

ಅವ್ರಾಮಿ ಲೆಕ್ಕ ನಿನಗೆ ಎಷ್ಟು ಪಾಲು ಬದಲಾಯಿತು ಅಂತ ಮಾತ್ರ ಹೇಳುತ್ತದೆ. ಸೂಜಿ ಯಾವ ಕಡೆ ಮುಖ ಮಾಡಿದೆ, ಪಕ್ಕದ ಹರಳಿಗೆ ಹೇಗೆ ತಾಗಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಫೇಸ್ ಫೀಲ್ಡಿನಲ್ಲಿ ಪ್ರತಿ ಬಿಂದುವಿಗೂ ಒಂದು ಅಂಕಿ ಕೊಡುತ್ತೇವೆ. ಸೊನ್ನೆ ಅಂದರೆ ಆಸ್ಟೆನೈಟ್, ಒಂದು ಅಂದರೆ ಬದಲಾದ ರೂಪ. ನಡುವಿನ ಅಂಚಿನಲ್ಲಿ ಅಂಕಿ ಸೊನ್ನೆಯಿಂದ ಒಂದಕ್ಕೆ ನಯವಾಗಿ ಏರುತ್ತದೆ. ಗದ್ದೆಯ ಬದುವನ್ನು ಹುಡುಕಿ ಹುಡುಕಿ ಗೆರೆ ಎಳೆಯುವ ಬದಲು ನೀರು ಎಲ್ಲಿ ಎಷ್ಟು ಆಳ ಇದೆ ಅಂತ ಗದ್ದೆ ತುಂಬ ಅಳೆದ ಹಾಗೆ. ಬದು ಎಲ್ಲಿದೆ ಅನ್ನುವುದು ತಾನಾಗಿ ತಿಳಿಯುತ್ತದೆ. ಇದರ ಬೇರು ಕಾನ್ ಮತ್ತು ಹಿಲಿಯರ್ಡ್ ಅವರ 1958 ರ ಕೆಲಸದಲ್ಲಿದೆ. ಅಲೆನ್ ಮತ್ತು ಕಾನ್ ಅವರ ಸಮೀಕರಣ 1979 ರದ್ದು.

ಕಷ್ಟ ಎಲ್ಲಿ ಅಂದರೆ ಅಳತೆಯಲ್ಲಿ. ನಿಜವಾದ ಅಂಚು ಒಂದು ನ್ಯಾನೋಮೀಟರಿನ ಆಸುಪಾಸು. ನಾವು ಅದನ್ನು ಬೇಕೆಂದೇ ದಪ್ಪ ಮಾಡಿಕೊಂಡರೂ ಆ ದಪ್ಪದೊಳಗೆ ಐದಾರು ಬಿಂದುಗಳಾದರೂ ಬೇಕು. ಬಿಂದುಗಳ ನಡುವಿನ ದೂರವನ್ನು ಅರ್ಧ ಮಾಡಿದರೆ ಸಮಯದ ಹೆಜ್ಜೆ ಕಾಲು ಭಾಗಕ್ಕೆ ಇಳಿಯಬೇಕು. ಮೂರು ಆಯಾಮದಲ್ಲಿ ಬಿಂದುಗಳು ಎಂಟು ಪಟ್ಟು, ಹೆಜ್ಜೆಗಳು ನಾಲ್ಕು ಪಟ್ಟು, ಒಟ್ಟು ಕೆಲಸ 32 ಪಟ್ಟು. ಅದರ ಮೇಲೆ ಮಾರ್ಟೆನ್‌ಸೈಟ್ ಒಂದೇ ಆಸ್ಟೆನೈಟ್ ಹರಳಿನೊಳಗೆ 24 ದಿಕ್ಕುಗಳಲ್ಲಿ ಹುಟ್ಟಬಹುದು. ಒಂದೊಂದೂ ಪಕ್ಕದ್ದನ್ನು ತಳ್ಳುತ್ತದೆ, ಆ ಒತ್ತಡದ ಲೆಕ್ಕವನ್ನೂ ಪ್ರತಿ ಹೆಜ್ಜೆಗೆ ಮಾಡಬೇಕು. ನಾನು ಹತ್ತು ಇಪ್ಪತ್ತು ಮೈಕ್ರಾನಿನ ಡಬ್ಬಿಯೊಳಗೆ ಕೆಲಸ ಮಾಡುತ್ತೇನೆ. ಇಡೀ ಕತ್ತಿ ಅಂದರೆ ಮೂವತ್ತು ಸೆಂಟಿಮೀಟರ್!

ಹಾಗಾಗಿ ಹುಲೇಕಲ್ ಅವರು ಆರಿಸಿಕೊಂಡ ದಾರಿಯೇ ಈ ಕೆಲಸಕ್ಕೆ ಸರಿ. ನಿನಗೆ ಆಸಕ್ತಿ ಇದ್ದರೆ ಎರಡು ಆಯಾಮದಲ್ಲಿ, ನೂರು ಬಿಂದು ಉದ್ದ ನೂರು ಬಿಂದು ಅಗಲ ಇಟ್ಟು, ಒಂದೇ ಗುಂಡು ಚುಕ್ಕೆ ಬೆಳೆಯುವುದನ್ನು ಬರೆದು ನೋಡು. ಪೈಥಾನಿನಲ್ಲಿ ಐವತ್ತು ಸಾಲು ಸಾಕು. ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಎಲ್ಲಿ ಸಿಕ್ಕಿಕೊಂಡೆ ಅಂತ ಇಲ್ಲೇ ಬರಿ, ನಾನು ನೋಡ್ತೇನೆ.

ಹುಲೇಕಲ್ ದಾರಿ · ಭಾನುವಾರ ಮಧ್ಯಾಹ್ನ

ಇವತ್ತು ಬೆಳಗ್ಗೆ ಐದೂವರೆಗೆ ಕುಲುಮೆಗೆ ಹೋಗಿದ್ದೆ. ಕಂಡದ್ದನ್ನೆಲ್ಲ ಮರೆಯುವ ಮೊದಲೇ ಬರೆಯುತ್ತಿದ್ದೇನೆ.

ಆಚಾರಿಯವರು ನನಗಾಗಿ ಒಂದು ಪಟ್ಟಿ ತಟ್ಟಿ ಇಟ್ಟಿದ್ದರು. ಬೆನ್ನು 7 ಮಿ.ಮೀ. ದಪ್ಪ, ಬಾಯಿಯ ಹತ್ತಿರ ಒಂದೂವರೆ. ಅದರಲ್ಲಿ ಎರಡು ಸಣ್ಣ ತೂತು ಕೊರೆದು ತಾಪಮಾನ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ತಂತಿ ಕೂರಿಸಿದೆ. ಒಂದು ಬಾಯಿಯ ಹತ್ತಿರ, ಒಂದು ಬೆನ್ನಿಗೆ. ಸೆಕೆಂಡಿಗೆ 50 ಸಲ ಓದುವ ಹಾಗೆ ಬೋರ್ಡ್ ಹೊಂದಿಸಿದೆ. ನಾನು ಟಾರ್ಚ್ ಹಾಕಿದ್ದಕ್ಕೆ ಅವರು ಆರಿಸಲು ಹೇಳಿದರು. ಕತ್ತಲಿದ್ದರೆ ಮಾತ್ರ ಬಣ್ಣ ತಿಳಿಯುತ್ತದಂತೆ. ಬಾಗಿಲನ್ನೂ ಅರ್ಧ ಮುಚ್ಚಿದರು.

ಗೆರಟೆ ಇದ್ದಿಲಿನ ಬೆಂಕಿ. ಪಟ್ಟಿ ಕೆಂಪಾಗುತ್ತಾ ಬಂತು. ನಾನು ದಾರದಲ್ಲಿ ಒಂದು ಅಯಸ್ಕಾಂತ ಕಟ್ಟಿ ಒಯ್ದಿದ್ದೆ. ಕಬ್ಬಿಣ 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಮೇಲೂ ಅವರು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಇಕ್ಕಳದಲ್ಲಿ ತೆಗೆದಾಗ ನನ್ನ ಬೋರ್ಡಿನಲ್ಲಿ 826 ಇತ್ತು. ಅವರು ಬೋರ್ಡನ್ನು ನೋಡಲೇ ಇಲ್ಲ.

ಆಮೇಲೆ ಬಾಯಿಯನ್ನು ಮಾತ್ರ ಎರಡು ಬೆರಳು ಆಳಕ್ಕೆ ನೀರಿಗೆ ಇಳಿಸಿದರು. ಹಿಂದೆ ಮುಂದೆ, ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಲೇ ಇದ್ದರು. ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಅದೇ ಗೆರೆಯಲ್ಲಿ ಸೀಳುತ್ತದೆ ಅಂದರು. ನಾಲ್ಕು ಸೆಕೆಂಡಿಗೆ ಮೇಲೆತ್ತಿದರು. ಬಾಯಿ ಕಪ್ಪು, 60 ಡಿಗ್ರಿ. ಬೆನ್ನು ಇನ್ನೂ ಕೆಂಡದಂತೆ ಕೆಂಪು.

ಕೂಡಲೇ ಬಾಯಿಯನ್ನು ಸಾಣೆ ಕಲ್ಲಿಗೆ ಎರಡು ಸಲ ಉಜ್ಜಿದರು. ಬೆಳ್ಳಗೆ ಹೊಳೆಯುವ ಒಂದು ಪಟ್ಟೆ ಕಂಡಿತು. ಅದನ್ನು ಕಣ್ಣ ಹತ್ತಿರ ಹಿಡಿದು ಕಾಯುತ್ತಾ ಕೂತರು. ಬೆನ್ನಿನ ಬಿಸಿ ನಿಧಾನಕ್ಕೆ ಬಾಯಿಯ ಕಡೆ ಇಳಿಯುತ್ತಿತ್ತು. ಮೊದಲು ಏನೂ ಇಲ್ಲ. ಆಮೇಲೆ ಬೆನ್ನಿನ ಕಡೆಯಿಂದ ನೀಲಿ, ಅದರ ಮುಂದೆ ಕಂದು, ಅದರ ಮುಂದೆ ಒಣಹುಲ್ಲಿನ ಹಳದಿ, ಹೀಗೆ ಬಣ್ಣಗಳು ಸಾಲಾಗಿ ಬಾಯಿಯತ್ತ ನಡೆದು ಬಂದವು. ಹಳದಿ ತುದಿಗೆ ಮುಟ್ಟಿದ್ದೇ ಮತ್ತೆ ಬಾಯಿಯನ್ನು ನೀರಿಗೆ ಮುಟ್ಟಿಸಿ ತಡೆದರು. ಬೋರ್ಡಿನಲ್ಲಿ 228. ಹುಲ್ಲಿನ ಹಳದಿಗೆ ಪುಸ್ತಕದಲ್ಲಿ ಕೊಡುವುದು 220 ರಿಂದ 230. ನನಗೆ ಮೈ ಜುಮ್ಮೆಂದಿತು.

ಕೊನೆಗೆ ಪಟ್ಟಿಯನ್ನು ಬೂದಿಯ ಮೇಲೆ ಇಟ್ಟರು. ಬೆನ್ನಿನ ಕೆಂಪು ಮಾಸುತ್ತಾ ಮಾಸುತ್ತಾ ಇನ್ನೇನು ಆರಿತು ಅನ್ನುವಾಗ, ಮತ್ತೆ ಒಂದು ಸಲ ಬೆಳಗಿತು! ಬೆಂಕಿ ಇಲ್ಲ, ಗಾಳಿ ಇಲ್ಲ, ತಾನಾಗಿ ಕೆಂಪೇರಿತು. ಕೆಲವು ಸೆಕೆಂಡ್ ಹಾಗೇ ಇದ್ದು ಆಮೇಲೆ ಆರಿತು. ಬೋರ್ಡ್ ನೋಡಿದರೆ 610 ಕ್ಕೆ ಇಳಿದದ್ದು 634 ಕ್ಕೆ ಏರಿತ್ತು. ಆಸ್ಟೆನೈಟ್ ಪರ್ಲೈಟ್ ಆಗುವಾಗ ಬಿಡುವ ಶಾಖ ಅದು. ಕಿಲೋಗೆ ಸುಮಾರು 80 ಕಿಲೋಜೂಲ್ ಅಂತ ಎಷ್ಟು ಸಲ ಓದಿದ್ದೆ. ನನ್ನ ಪ್ರೋಗ್ರಾಮಿನಲ್ಲಿ ಅದನ್ನು ಸೇರಿಸಿಯೇ ಇರಲಿಲ್ಲ, ಚಿಕ್ಕ ವಿಷಯ ಅಂತ ಬಿಟ್ಟಿದ್ದೆ. ಕಣ್ಣಿಗೆ ಕಾಣುವಷ್ಟು ದೊಡ್ಡದು ಅಂತ ಇವತ್ತು ಗೊತ್ತಾಯ್ತು. ಆಚಾರಿಯವರು ಇದನ್ನು ನಲವತ್ತು ವರ್ಷದಿಂದ ನೋಡುತ್ತಿದ್ದಾರೆ. "ಉಸಿರು ಬಿಡ್ತದೆ" ಅಂದರು.

ಗಂಗಾವಳಿ ಸರ್, ಬೆನ್ನು ನೀರನ್ನೇ ಮುಟ್ಟಲಿಲ್ಲ. ನಾನು ಅದನ್ನು ಒಂದು ವಾರ ನೀರಿನಲ್ಲಿ ಮುಳುಗಿಸಿ ಲೆಕ್ಕ ಹಾಕಿದ್ದೆ.

ಇನ್ನೊಂದು ವಿಷಯ. ನೀರಿನ ದೋಣಿಗೆ ಅವರು ಸಾಣಿಕಟ್ಟಾ ಉಪ್ಪು ಹಾಕಿದ್ದರು, ಒಂದೆರಡು ಹಿಡಿ ಅಲ್ಲ, ಒಂದು ಸೇರಿಗೂ ಜಾಸ್ತಿ. ಉಪ್ಪಿಲ್ಲದಿದ್ದರೆ ನೀರು ಕತ್ತಿಯನ್ನು ಹಿಡಿಯುವುದಿಲ್ಲ ಅಂದರು. ಇದಕ್ಕೆ ಏನು ಕಾರಣ?

ಅಂಕೋಲಾ ಗಂಗಾವಳಿ · ಭಾನುವಾರ ಸಂಜೆ

ತಂಗಿ, ಓದುತ್ತಾ ಆ ಕುಲುಮೆಯಲ್ಲಿ ನಾನೂ ನಿಂತ ಹಾಗಾಯ್ತು.

ಉಪ್ಪಿನ ವಿಷಯ ಹೇಳ್ತೇನೆ. ಚೆನ್ನಾಗಿ ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಹನಿ ಕೂಡಲೇ ಆವಿಯಾಗುವುದಿಲ್ಲ. ಮುತ್ತಿನ ಹಾಗೆ ಉರುಳಾಡುತ್ತದೆ. ಹನಿಯ ಕೆಳಗೆ ಆವಿಯ ತೆಳು ಹಾಸಿಗೆ ಹುಟ್ಟಿ, ಬಿಸಿ ಒಳಗೆ ಹೋಗದಂತೆ ತಡೆಯುತ್ತದೆ. 800 ಡಿಗ್ರಿಯ ಉಕ್ಕನ್ನು ನೀರಿಗೆ ಇಳಿಸಿದಾಗಲೂ ಅದೇ ಆಗುತ್ತದೆ. ಮೊದಲು ಸುತ್ತ ಆವಿಯ ಹೊದಿಕೆ. ಆಗ ಶಾಖ ಎಳೆಯುವ ಅಂಕಿ ಕೆಲವು ನೂರು ಮಾತ್ರ. ಹೊದಿಕೆ ಒಡೆದು ನೀರು ನೇರ ಮುಟ್ಟಿ ಕೊತಕೊತ ಕುದಿಯುವಾಗ ಅದೇ ಅಂಕಿ ಹತ್ತು ಸಾವಿರ ದಾಟಬಹುದು. ಕುದಿಯುವುದು ನಿಂತ ಮೇಲೆ ಮತ್ತೆ ಕೆಳಗೆ. ನಿನ್ನ 5000 ಈ ಮೂರರಲ್ಲಿ ಯಾವುದೂ ಅಲ್ಲ.

ಪರ್ಲೈಟ್ ಬೇಗ ಹುಟ್ಟುವುದು 550 ರಿಂದ 600 ಡಿಗ್ರಿಯ ಆಸುಪಾಸಿನಲ್ಲಿ. ಆ ಗಂಡಾಂತರ ದಾಟುವಾಗ ಹೊದಿಕೆ ಇನ್ನೂ ಇದ್ದರೆ ಬಾಯಿಯಲ್ಲಿ ಅಲ್ಲಲ್ಲಿ ಮೆತ್ತನೆ ಮಚ್ಚೆ ಉಳಿಯುತ್ತದೆ. ಉಪ್ಪು ಬೆರೆತ ನೀರಿನಲ್ಲಿ ಆವಿ ಹುಟ್ಟುವಾಗ ಉಪ್ಪಿನ ಸಣ್ಣ ಹರಳುಗಳು ಉಕ್ಕಿನ ಮೈಮೇಲೆ ಕೂತು ಸಿಡಿಯುತ್ತವೆ. ಆವಿಯ ಹೊದಿಕೆ ಹರಿದು ಹೋಗುತ್ತದೆ. ಕಾರ್ಖಾನೆಯಲ್ಲೂ ಶೇಕಡಾ 10 ರ ಆಸುಪಾಸು ಉಪ್ಪು ನೀರು ಬಳಸುವುದುಂಟು. ಆಚಾರಿಯವರು ಕೈ ಆಡಿಸುತ್ತಲೇ ಇದ್ದದ್ದೂ ಅದೇ ಕೆಲಸಕ್ಕೆ.

ಇನ್ನು ಲೆಕ್ಕದ ವಿಷಯ. 6 ಮಿ.ಮೀ. ದಪ್ಪದ ಜಾಗ ತೆಗೆದುಕೋ. ಹೊದಿಕೆ ಇರುವಾಗ ಮೇಲ್ಮೈಗೂ ನಡುವಿಗೂ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಈ ವ್ಯತ್ಯಾಸ ಎಷ್ಟು ಅಂತ ಸೂಚಿಸುವ ಬಯೋ ಸಂಖ್ಯೆ 0.03 ರ ಹತ್ತಿರ. ಕುದಿಯುವ ಹಂತದಲ್ಲಿ ಅದು 1 ಕ್ಕೆ ಏರುತ್ತದೆ, ಮೇಲ್ಮೈ ಕಪ್ಪಾದರೂ ನಡು ಕೆಂಪೇ ಇರುತ್ತದೆ. ಇಡೀ ದಪ್ಪಕ್ಕೆ ಒಂದೇ ತಾಪಮಾನ ಇಟ್ಟು ಲೆಕ್ಕ ಮಾಡಬೇಡ. ಅಡ್ಡಕೊಯ್ತವನ್ನು ಚೌಕಳಿ ಮಾಡಿ ಎರಡು ಆಯಾಮದಲ್ಲಿ ಶಾಖ ಹರಿಸು.

ಅವರು ಬೆನ್ನಿನ ಬಿಸಿಯಿಂದಲೇ ಬಾಯಿಗೆ ಹದ ಕೊಟ್ಟರಲ್ಲ, ಅದನ್ನೇ ಕಾಂಕ್ರೀಟಿಗೆ ಹಾಕುವ ಟಿಎಂಟಿ ಸರಳಿಗೂ ಮಾಡುತ್ತಾರೆ. ರೋಲಿಂಗ್ ಮುಗಿದ ಕೆಂಪು ಸರಳನ್ನು ನೀರಿನ ಪೆಟ್ಟಿಗೆಯ ಮೂಲಕ ಓಡಿಸುತ್ತಾರೆ. ಹೊರಗಿನ ಸಿಪ್ಪೆ ಮಾರ್ಟೆನ್‌ಸೈಟ್ ಆಗುತ್ತದೆ. ಹೊರಗೆ ಬಂದ ಮೇಲೆ ಒಳಗಿನ ಬಿಸಿ ಸಿಪ್ಪೆಗೆ ಹಬ್ಬಿ ಅದನ್ನು ಹದ ಮಾಡುತ್ತದೆ, ಒಳಗಿನ ತಿರುಳು ಫೆರೈಟ್ ಪರ್ಲೈಟ್ ಆಗಿ ಉಳಿಯುತ್ತದೆ. ಸರಳನ್ನು ಅಡ್ಡ ಕೊಯ್ದು ನಯ ಮಾಡಿ ನೈಟಾಲ್ ಎಂಬ ಆಮ್ಲದ ದ್ರಾವಣ ಸವರಿದರೆ ಆ ಉಂಗುರ ಬರಿಗಣ್ಣಿಗೆ ಕಾಣುತ್ತದೆ. ನಿನ್ನ ಪಟ್ಟಿಗೂ ಹಾಗೇ ಮಾಡಿಸು. ಗೆರೆ ಎಲ್ಲಿ ಬೀಳುತ್ತದೆ ಅಂತ ಅಳೆದು ಪ್ರೋಗ್ರಾಮಿನ ಪಕ್ಕ ಇಡು. ನೈಟಾಲಿನಲ್ಲಿ ನೈಟ್ರಿಕ್ ಆಮ್ಲ ಇರುವುದರಿಂದ ಮನೆಯಲ್ಲಿ ಬೇಡ, ಪ್ರಯೋಗಾಲಯದಲ್ಲಿ ಮಾತ್ರ.

ಬೈತಖೋಲ ವೆಲ್ಡರ್ · ಸೋಮವಾರ

ಮೇಡಂ, ಗಂಗಾವಳಿ ಸರ್, ಇಬ್ಬರಿಗೂ ನಮಸ್ಕಾರ. ನಾನು ಕಾರವಾರ ಬಂದರಿನಲ್ಲಿ ಬೋಟುಗಳ ವೆಲ್ಡಿಂಗ್ ಮಾಡ್ತೇನೆ. ಹೋದ ಮಳೆಗಾಲದಲ್ಲಿ ಒಂದು ಟ್ರಾಲರಿನ ವಿಂಚ್ ಶಾಫ್ಟ್ ಬೆಸೆದು ಕೊಟ್ಟೆ. ಇಎನ್ 8 ಉಕ್ಕು. ಸಂಜೆ ನೋಡುವಾಗ ಚೊಕ್ಕ ಇತ್ತು. ಮರುದಿನ ಬೆಳಗ್ಗೆ ಬೆಸುಗೆಯ ಪಕ್ಕದಲ್ಲಿ ಕೂದಲಿನ ಹಾಗೆ ಬಿರುಕು. ಬೆಸುಗೆ ಗಟ್ಟಿಯೇ ಇದೆ, ಪಕ್ಕದ ಶಾಫ್ಟೇ ಸೀಳಿದೆ. ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಆ ವಿಂಚ್ ಸಮುದ್ರದಲ್ಲಿ ಕೈಕೊಟ್ಟಿದ್ದರೆ? ಇದೂ ನೀವು ಹೇಳುವ ಮಾರ್ಟೆನ್‌ಸೈಟಾ?

ಅಂಕೋಲಾ ಗಂಗಾವಳಿ · ಸೋಮವಾರ

ಅದೇ, ತಮ್ಮಾ. ಬೆಸೆಯುವಾಗ ಕರಗಿದ ಜಾಗದ ಪಕ್ಕದ ಒಂದೆರಡು ಮಿಲಿಮೀಟರ್ ಆಸ್ಟೆನೈಟ್ ಆಗಿಬಿಡುತ್ತದೆ. ಸುತ್ತ ಇರುವ ದಪ್ಪ ತಣ್ಣನೆ ಶಾಫ್ಟ್ ಅದರ ಬಿಸಿಯನ್ನು ಗಬಕ್ಕನೆ ಎಳೆದುಕೊಳ್ಳುತ್ತದೆ. ನೀರೇ ಬೇಡ, ಶಾಫ್ಟೇ ನೀರಿನ ಕೆಲಸ ಮಾಡುತ್ತದೆ. ಇಎನ್ 8 ರಲ್ಲಿ ಇಂಗಾಲ ಶೇಕಡಾ 0.4, ಹದ ಮಾಡದ ಗಟ್ಟಿ ಮಾರ್ಟೆನ್‌ಸೈಟ್ ಹುಟ್ಟುತ್ತದೆ. ಅದರ ಮೇಲೆ ಮಳೆಗಾಲದ ತೇವ. ಒದ್ದೆಯಾದ ಬೆಸುಗೆ ರಾಡಿನಿಂದ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಅದು ನಿಧಾನಕ್ಕೆ ಸರಿದು ಬಿಗಿತ ಇರುವ ಕಡೆ ಕೂಡಿಕೊಳ್ಳುತ್ತದೆ. ಅದಕ್ಕೇ ಬಿರುಕು ಸಂಜೆ ಕಾಣದೆ ಬೆಳಗ್ಗೆ ಕಂಡದ್ದು. ಕೆಲವೊಮ್ಮೆ ಎರಡು ದಿನ ಬಿಟ್ಟೂ ಬರುತ್ತದೆ.

ಲೆಕ್ಕದಲ್ಲಿ ಇಲ್ಲಿ ಮುಖ್ಯವಾದದ್ದು 800 ರಿಂದ 500 ಡಿಗ್ರಿಗೆ ಇಳಿಯಲು ಹಿಡಿಯುವ ಸಮಯ. ಶಾಫ್ಟನ್ನು ಮೊದಲೇ 150 ರಿಂದ 200 ಡಿಗ್ರಿಗೆ ಬಿಸಿ ಮಾಡಿಕೊಂಡರೆ ಆ ಸಮಯ ಹಿಗ್ಗುತ್ತದೆ. ಮಾರ್ಟೆನ್‌ಸೈಟ್ ಕಡಿಮೆಯಾಗುತ್ತದೆ, ಹೈಡ್ರೋಜನ್ ಹೊರಗೆ ಹೋಗಲೂ ದಾರಿಯಾಗುತ್ತದೆ. 7018 ರಾಡನ್ನು 300 ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಬಿಸಿ ಇರುವಾಗಲೇ ಬಳಸು. ಬೆಸೆದ ಮೇಲೆ ಒಣ ಬೂದಿ ಮುಚ್ಚಿ ನಿಧಾನ ತಣಿಸು. ಸಮುದ್ರದ ಗಾಳಿಗೆ ಬಿಡಬೇಡ.

ಬೈತಖೋಲ ವೆಲ್ಡರ್ · ಸೋಮವಾರ ರಾತ್ರಿ

ಬಿಸಿ ಮಾಡಿಕೊಳ್ಳಬೇಕು ಅಂತ ಮೊದಲೇ ಕೇಳಿದ್ದೆ ಸರ್. ಯಾಕೆ ಅಂತ ಯಾರೂ ಹೇಳಿರಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಬಿಟ್ಟೆ. ಇನ್ನು ಬಿಡುವುದಿಲ್ಲ.

ಹುಲೇಕಲ್ ದಾರಿ · ಎರಡು ವಾರದ ನಂತರ, ಶನಿವಾರ

ಪ್ರೋಗ್ರಾಂ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಅಡ್ಡಕೊಯ್ತ ಎರಡು ಆಯಾಮದಲ್ಲಿ. ಕೆಳಗಿನ ಎರಡು ಬೆರಳಿಗೆ ನಾಲ್ಕು ಸೆಕೆಂಡ್ ಉಪ್ಪು ನೀರು, ಮೇಲಿನದಕ್ಕೆ ಗಾಳಿ. ನೀರಿಗೆ ತಾಪಮಾನದ ಜೊತೆ ಬದಲಾಗುವ ಅಂಕಿ. ಪರ್ಲೈಟ್ ಹುಟ್ಟಿದಷ್ಟು ಶಾಖ ಪ್ರತಿ ಹೆಜ್ಜೆಯಲ್ಲೂ ವಾಪಸ್ ಸೇರುತ್ತದೆ. ತಾಪಮಾನ ಇಳಿಯುತ್ತಲೇ ಇರುವಾಗ ಪರ್ಲೈಟ್ ಯಾವಾಗ ಶುರುವಾಗುತ್ತದೆ ಅನ್ನುವುದಕ್ಕೆ ಷೈಲ್ ನಿಯಮ ಇಟ್ಟೆ. ಪ್ರತಿ ತಾಪಮಾನದಲ್ಲಿ ಎಷ್ಟು ಕಾಯಬೇಕೋ ಅದರಲ್ಲಿ ಎಷ್ಟು ಪಾಲು ಕಾದಾಯ್ತು ಅಂತ ಕೂಡಿಸುತ್ತಾ ಹೋಗಿ, ಮೊತ್ತ 1 ಆದಾಗ ಶುರು. ಇದು ಅಂದಾಜಿನ ನಿಯಮ ಅಂತ ಗೊತ್ತು. ಹುಟ್ಟುವ ವೇಗವೂ ಹರಡುವ ವೇಗವೂ ತಾಪಮಾನದ ಜೊತೆ ಒಂದೇ ರೀತಿ ಬದಲಾಗದಿದ್ದರೆ ತಪ್ಪುತ್ತದೆ. ಸದ್ಯಕ್ಕೆ ಸಾಕು.

ಉಕ್ಕಿನಲ್ಲಿ ಯಾವುದು ಎಷ್ಟಿದೆ ಅಂತ ತಿಳಿಯಲು ಪಟ್ಟಿಯ ಒಂದು ಚೂರನ್ನು ಸ್ಪೆಕ್ಟ್ರೋ ಪರೀಕ್ಷೆಗೂ ಕೊಟ್ಟೆ. ಇಂಗಾಲ 0.58, ಮ್ಯಾಂಗನೀಸ್ 0.90. ನಾನು ಊಹಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ. ಮಾರ್ಟೆನ್‌ಸೈಟ್ ಶುರುವಾಗುವ ತಾಪಮಾನ 280 ರಿಂದ 266 ಕ್ಕೆ ಇಳಿಯಿತು. 30 ಡಿಗ್ರಿಯಲ್ಲಿ ಮಾರ್ಟೆನ್‌ಸೈಟ್ 94 ರ ಬದಲು ತೊಂಬತ್ತೆರಡೂವರೆ. ಬಾಯಿ ನಿಂತದ್ದು 60 ರಲ್ಲಿ ಅಂತ ಲೆಕ್ಕ ಹಿಡಿದರೆ 90. ಇಷ್ಟು ದಿನ ನಾನು ತಲೆ ಕೆಡಿಸಿಕೊಂಡದ್ದು ಈ ಮೂರು ನಾಲ್ಕು ಅಂಕಿಗಾಗಿ. ಬೆನ್ನು ನೀರಿಗೆ ಮುಟ್ಟುತ್ತದೋ ಇಲ್ಲವೋ ಅನ್ನುವ ಒಂದು ವಿಷಯ ಬೆನ್ನಿನ ಮಾರ್ಟೆನ್‌ಸೈಟನ್ನು 94 ರಿಂದ ಸೊನ್ನೆಯ ಹತ್ತಿರಕ್ಕೆ ತಂದಿತು.

ಪ್ರೋಗ್ರಾಂ ಗಟ್ಟಿ ಮೆತ್ತಗಿನ ಗೆರೆಯನ್ನು ಬಾಯಿಯಿಂದ 18 ಮಿ.ಮೀ. ಗೆ ಹಾಕುತ್ತಿದೆ. ಪಟ್ಟಿ ಕೊಯ್ದು, ನಯ ಮಾಡಿ, ನೈಟಾಲ್ ಸವರಿ ನೋಡಿದರೆ ಗೆರೆ 21 ರಲ್ಲಿದೆ. ಬೆನ್ನು ಮತ್ತೆ ಬೆಳಗುವುದೂ ಈಗ ಲೆಕ್ಕದಲ್ಲಿ ಬರುತ್ತದೆ, ಆದರೆ ಅಳತೆಯಲ್ಲಿ ಕಂಡದ್ದಕ್ಕಿಂತ ಆರು ಸೆಕೆಂಡ್ ಬೇಗ.

ಒಂದು ಮಾತ್ರ ಇನ್ನೂ ಕೈಗೆ ಸಿಗುತ್ತಿಲ್ಲ. ಪಟ್ಟಿ ಬಾಗಿದೆ. ಬೆನ್ನಿನ ಕಡೆಗೆ ಎರಡು ಮಿಲಿಮೀಟರ್. ಆಚಾರಿಯವರು ಕತ್ತಿ ತಟ್ಟುವಾಗಲೇ ಅಷ್ಟು ಬಾಗನ್ನು ಎದುರು ಕಡೆಗೆ ಕೊಟ್ಟಿರುತ್ತಾರೆ. ನನಗೆ ಕೊಟ್ಟ ಪಟ್ಟಿಗೆ ಮಾತ್ರ ಕೊಟ್ಟಿರಲಿಲ್ಲ, ನೇರ ಬೇಕು ಅಂತ ನಾನೇ ಕೇಳಿದ್ದೆ.

ಹೊನ್ನಾವರ ಶರಾವತಿ · ಶನಿವಾರ ರಾತ್ರಿ

ಮೂರು ಮಿಲಿಮೀಟರ್ ವ್ಯತ್ಯಾಸ ಅಂದರೆ ತುಂಬಾ ಒಳ್ಳೆಯ ಫಲಿತಾಂಶ. ಆಚಾರಿಯವರು ಮೇಲೆ ಕೆಳಗೆ ಆಡಿಸಿದ್ದನ್ನು ಲೆಕ್ಕಕ್ಕೆ ತಂದಿದ್ದೀರಾ? ಅದರಲ್ಲೇ ಆ ಮೂರು ಇರಬಹುದು.

ಬಾಗುವುದು ಬೇರೆ ಕೆಲಸ. ಆಸ್ಟೆನೈಟಿಗಿಂತ ಮಾರ್ಟೆನ್‌ಸೈಟಿಗೆ ಜಾಗ ಜಾಸ್ತಿ ಬೇಕು, ಗಾತ್ರದಲ್ಲಿ ಸುಮಾರು ಶೇಕಡಾ 4. ಬಾಯಿ ಉದ್ದವಾಗಲು ನೋಡುತ್ತದೆ, ಬೆನ್ನು ಬಿಡುವುದಿಲ್ಲ. ಅದರ ಜೊತೆ, ರೂಪ ಬದಲಾಗುತ್ತಿರುವ ಹೊತ್ತಿನಲ್ಲಿ ಉಕ್ಕು ಚಿಕ್ಕ ಒತ್ತಡಕ್ಕೂ ಮಣಿಯುತ್ತದೆ. ಗ್ರೀನ್‌ವುಡ್ ಮತ್ತು ಜಾನ್ಸನ್ 1965 ರಲ್ಲಿ ಇದನ್ನು ವಿವರಿಸಿದ್ದಾರೆ. ಇದನ್ನು ಬಿಟ್ಟು ಲೆಕ್ಕ ಮಾಡಿದರೆ ಬಾಗುವ ದಿಕ್ಕೇ ತಪ್ಪಬಹುದು. ನಿಮ್ಮ ಕೋಡ್ ಕಳಿಸಿ, ಒತ್ತಡದ ಭಾಗ ಒಟ್ಟಿಗೆ ಬರೆಯೋಣ.

ಕುಮಟಾ ಪಿಯು · ಭಾನುವಾರ

ಶರಾವತಿ ಅಣ್ಣಾ, ನನ್ನ ಗುಂಡು ಚುಕ್ಕೆ ಬೆಳೆಯುವ ಬದಲು ಸಣ್ಣದಾಗಿ ಮಾಯವಾಗ್ತಿದೆ. ಐವತ್ತು ಸಾಲೂ ಎರಡೆರಡು ಸಲ ನೋಡಿದೆ.

ಹೊನ್ನಾವರ ಶರಾವತಿ · ಭಾನುವಾರ

ನಿನ್ನ ಕೋಡ್ ತಪ್ಪಿಲ್ಲದೆಯೂ ಇರಬಹುದು! ಚುಕ್ಕೆ ತೀರಾ ಚಿಕ್ಕದಾದರೆ ಅಂಚಿನ ಖರ್ಚು ಒಳಗಿನ ಲಾಭಕ್ಕಿಂತ ಜಾಸ್ತಿ. ಅದು ಕುಗ್ಗಲೇಬೇಕು. ಉಕ್ಕಿನಲ್ಲೂ ಹೀಗೇ, ಒಂದು ಗಾತ್ರ ದಾಟದ ಚುಕ್ಕೆ ಉಳಿಯುವುದಿಲ್ಲ. ಆರಂಭದ ಅಗಲವನ್ನು ಎರಡು ಬಿಂದುವಿನಷ್ಟು ಹೆಚ್ಚಿಸುತ್ತಾ ಹೋಗು. ಎಲ್ಲಿಂದ ಬೆಳೆಯಲು ಶುರುವಾಗುತ್ತದೆ ಅಂತ ಬರೆದಿಡು.

ಸಿದ್ದಾಪುರ ತೋಟ · ಭಾನುವಾರ ಸಂಜೆ

ತಂಗಿ, ಬಾಯಿ ಮುರಿದ ನನ್ನ ಹಳೇ ಕತ್ತಿ ಇದೆ. ನಿನ್ನ ಪರೀಕ್ಷೆಗೆ ಬೇಕಾದರೆ ಕೊಯ್ದುಕೋ. ಯಾಕೆ ಮುರಿಯಿತು ಅಂತ ಗೊತ್ತಾದರೆ ಸಾಕು.

ಹುಲೇಕಲ್ ದಾರಿ · ಭಾನುವಾರ ರಾತ್ರಿ

ಖಂಡಿತ ಬೇಕು ಅಣ್ಣಾ. ಶಿರಸಿ ಕಡೆ ಬಂದಾಗ ಕುಲುಮೆಯಲ್ಲಿ ಕೊಟ್ಟು ಹೋಗಿ. ಆಚಾರಿಯವರು ಒಂದೇ ಅಳತೆಯ ಮೂರು ಪಟ್ಟಿ ತಟ್ಟಿ ಇಡುತ್ತೇನೆ ಅಂದಿದ್ದಾರೆ. ಒಂದಕ್ಕೆ ಉಪ್ಪು ನೀರು, ಒಂದಕ್ಕೆ ಬಾವಿಯ ಸಪ್ಪೆ ನೀರು, ಒಂದಕ್ಕೆ ಎಣ್ಣೆ. ಈ ಸಲ ಬಾಯಿಗೇ ಮೂರು ಥರ್ಮೋಕಪಲ್ ಹಾಕ್ತೇನೆ. ಸಪ್ಪೆ ನೀರಿನಲ್ಲಿ ಅದ್ದಲು ಮಾತ್ರ ಅವರಿಗೆ ಮನಸ್ಸಿಲ್ಲ. ಹಾಳಾಗುವುದು ಗೊತ್ತಿದ್ದೂ ಹೇಗೆ ಮಾಡುವುದು ಅಂತ ಕೇಳುತ್ತಿದ್ದಾರೆ.